ಆಪ್ತಸಲಹೆ ಪ್ರಕರಣ: ಸುದ್ದಿಮನೆಯಿಂದ ಸಂಶೋಧನೆಯತ್ತ ಹೊರಟವರು

ಇವರನ್ನು ಶ್ರೀ ‘ಕ’ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ವಯಸ್ಸು, ಕುಟುಂಬ ಮತ್ತು ಉದ್ಯೋಗದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 41. ಬೆಂಗಳೂರಿನ ಸುದ್ದಿವಾಹಿನಿಯೊಂದರ ನಿರ್ಮಾಣ ವಿಭಾಗದಲ್ಲಿ 17 ವರ್ಷ ದುಡಿದು ಬುಲೆಟಿನ್ ನಿರ್ಮಾಪಕರಾಗಿದ್ದ ಇವರು, ವಾರದ ರಜೆಗೆಂದು ಮೈಸೂರಿನ ಮನೆಗೆ ಬಂದಿದ್ದಾಗ ನನ್ನ ಬಳಿಗೆ ಬಂದರು. ಕೆಲಸ ಬಿಟ್ಟು ಪತ್ರಿಕೋದ್ಯಮ ಶಿಕ್ಷಣದ ಬಗ್ಗೆ ಪಿಎಚ್‌ಡಿ ಮಾಡುತ್ತೇನೆ, ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ ಎಂಬುದು ಅವರ ಮೊದಲ ಮಾತು. ರಾಜೀನಾಮೆ ಪತ್ರದ ಕರಡು ಮೊಬೈಲಿನಲ್ಲಿ ಸಿದ್ಧವಾಗಿತ್ತು.

ರಾತ್ರಿ ಪಾಳಿಯಲ್ಲಿ ಬಹುಕಾಲ ದುಡಿದವರು ಹೀಗೆ ಬಂದಾಗ, ಅವರು ಒಂದು ಕಡೆಗೆ ಹೋಗುತ್ತಿದ್ದಾರೋ ಅಥವಾ ಒಂದು ಕಡೆಯಿಂದ ಓಡುತ್ತಿದ್ದಾರೋ ಎಂದು ಮೊದಲು ನೋಡುತ್ತೇನೆ. ಇವರ ನಿದ್ದೆ ಕೆಟ್ಟಿತ್ತು, ಫೋನ್ ರಿಂಗಾದರೆ ಎದೆ ಬಡಿದುಕೊಳ್ಳುತ್ತಿತ್ತು. ಬಾಕಿಯಿದ್ದ ರಜೆಯಲ್ಲಿ ಮೂರು ವಾರ ತೆಗೆದುಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಸಂಶೋಧನೆಯ ಆಸೆ ಉಳಿದಿದ್ದರೆ ಮುಂದೆ ಮಾತಾಡೋಣ ಎಂದೆ. ಅದೇ ದಿನ ಮನೆಸಾಲದ ಲೆಕ್ಕವನ್ನೂ ಕೇಳಿದ್ದು ನನ್ನ ಆತುರ. ಮನೆಯವರ ಪ್ರಶ್ನೆಯನ್ನೇ ನಾನೂ ಕೇಳಿದಂತಾಗಿ ಅವರು ಮುಂದಿನ ಭೇಟಿಯನ್ನು ತಪ್ಪಿಸಿಕೊಂಡರು.

ಒಂದು ತಿಂಗಳ ಬಳಿಕ ಮರಳಿ ಬಂದಾಗ ಆಸೆ ಉಳಿದಿತ್ತು. ಅದರ ಮೂಲವನ್ನೂ ಆಗಲೇ ಹೇಳಿದರು. ಮಂಡ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸ ಕೊಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಸರ್, ಈ ಬೈಟ್ ಬಿಟ್ಟು ಆ ಬೈಟ್ ಯಾಕೆ ಇಟ್ಟಿರಿ?” ಎಂದು ಕೇಳಿದ್ದಳಂತೆ. ಬೈಟ್ ಎಂದರೆ ಸುದ್ದಿಯಲ್ಲಿ ಬಳಸುವ, ಒಬ್ಬರ ಮಾತಿನ ತುಣುಕು. ನಿಯಂತ್ರಣ ಕೊಠಡಿಯಲ್ಲಿ ಇಂಥ ಸಾವಿರಾರು ತೀರ್ಮಾನಗಳನ್ನು ಕ್ಷಣಮಾತ್ರದಲ್ಲಿ ಮಾಡಿದ್ದ ಮನುಷ್ಯನಿಗೆ, “ಅನುಭವದಿಂದ ಗೊತ್ತಾಗುತ್ತೆ” ಎನ್ನುವುದರಾಚೆ ಉತ್ತರ ಹೊಳೆಯಲಿಲ್ಲ.

ಆದರೆ ಅವರು ಬರೆದು ತಂದಿದ್ದ ಸಂಶೋಧನಾ ಪ್ರಸ್ತಾವದಲ್ಲಿ ಈ ಪ್ರಸಂಗದ ಸುಳಿವೇ ಇರಲಿಲ್ಲ. ಕಾಲೇಜುಗಳಲ್ಲಿ ಪ್ರಾಯೋಗಿಕ ತರಬೇತಿ ಸಾಲದು, ಪಠ್ಯಕ್ರಮ ಹಳೆಯದು, ಉದ್ಯಮದವರೇ ಪಾಠ ಮಾಡಬೇಕು ಎಂಬ ಮೂರು ತೀರ್ಪುಗಳು ಮಾತ್ರ ಅಲ್ಲಿದ್ದವು. ಬುಲೆಟಿನ್ ನಿರ್ಮಾಪಕನಿಗೆ ಶೀರ್ಷಿಕೆ ಮೊದಲೇ ಗೊತ್ತಿರಬೇಕು, ಸಂಶೋಧನಾರ್ಥಿಗೆ ಗೊತ್ತಿರಬಾರದು. ಉತ್ತರ ಇಷ್ಟು ಖಚಿತವಾಗಿದ್ದರೆ ಪತ್ರಿಕೆಗೊಂದು ಲೇಖನ ಬರೆದರೆ ಸಾಕಲ್ಲ, ಮೂರು ವರ್ಷ ಏಕೆ ಬೇಕು ಎಂದು ಕೇಳಿದೆ. ಅವರಿಗೆ ನೋವಾಯಿತು ಎಂಬುದು ಮುಖದಲ್ಲೇ ಕಂಡಿತು.

ಆಗ ಕೊಟ್ಟ ಸಲಹೆಯೇ ಈ ಪ್ರಕರಣದಲ್ಲಿ ಹೆಚ್ಚು ಕೆಲಸ ಮಾಡಿತೆಂದು ನನ್ನ ಭಾವನೆ. ಅನುಮತಿ ಪಡೆದು ಪತ್ರಿಕೋದ್ಯಮ ವಿಭಾಗವೊಂದರ ಪ್ರಾಯೋಗಿಕ ತರಗತಿಯಲ್ಲಿ ನಾಲ್ಕು ವಾರ ಹಿಂದಿನ ಬೆಂಚಿನಲ್ಲಿ ಕುಳಿತು, ಯಾರಿಗೂ ಏನನ್ನೂ ಹೇಳಿಕೊಡದೆ, ಕಂಡದ್ದನ್ನಷ್ಟೇ ಬರೆದುಕೊಂಡು ಬರಬೇಕೆಂದೆ. ಬಾಯಿಬಿಡದೆ ಕೂರುವುದೇ ಅತಿ ಕಷ್ಟವಾಯಿತು ಎಂದು ಆಮೇಲೆ ನಕ್ಕರು. ಮಂಡ್ಯದ ಸಂಜಯ ವೃತ್ತದಲ್ಲಿ ನಡೆದ ರೈತರ ಧರಣಿಯನ್ನು ಚಿತ್ರೀಕರಿಸಿದ್ದ ವಿದ್ಯಾರ್ಥಿಗಳು ಅದನ್ನು ತೊಂಬತ್ತು ಸೆಕೆಂಡಿಗೆ ಇಳಿಸಬೇಕಿತ್ತು. ಎಡಿಟಿಂಗ್ ತಂತ್ರಾಂಶ ಅವರಿಗೆ ಇವರಿಗಿಂತ ಚೆನ್ನಾಗಿ ಬರುತ್ತಿತ್ತು. ಘೋಷಣೆ ಕೂಗುವ ಮುಖಂಡರನ್ನು ಉಳಿಸಿ, ಒಣಗುತ್ತಿದ್ದ ಕಬ್ಬಿನ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿದ ಹೆಂಗಸನ್ನು ಎಲ್ಲರೂ ಕತ್ತರಿಸಿದ್ದರು. ಅಧ್ಯಾಪಕರು “ಸರಿಯಾಗಿಲ್ಲ, ಮತ್ತೆ ಮಾಡಿ” ಎಂದರೇ ಹೊರತು ಏಕೆಂದು ಹೇಳಲಿಲ್ಲ. ತಮ್ಮ ಸುದ್ದಿಮನೆಯಲ್ಲಿ ತಾವೂ ಹೊಸಬರಿಗೆ ಹೀಗೇ ಹೇಳುತ್ತಿದ್ದದ್ದು ಅವರಿಗೆ ನೆನಪಾಯಿತು. ಕಾಲೇಜಿನ ಕೊರತೆ ಎಂದುಕೊಂಡಿದ್ದು ವೃತ್ತಿಯೊಳಗೂ ಇತ್ತು. ಸಂಪಾದಕೀಯ ವಿವೇಚನೆಯನ್ನು ಮಾತಿನಲ್ಲಿ ಹೇಳಿಕೊಡುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. 1951ರಲ್ಲೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ಪತ್ರಿಕೋದ್ಯಮದ ಪಾಠ ಶುರುವಾದ ಊರಿನಲ್ಲಿ ಈ ಪ್ರಶ್ನೆಗೆ ಕೇಳುಗರು ಸಿಗದೆ ಇರಲಾರರು.

ವ್ಯಾವಹಾರಿಕ ವಿಷಯಗಳು ಆಮೇಲೆ ಬಂದವು. ಪಾಠ ಮಾಡಲು ಪಿಎಚ್‌ಡಿ ಕಡ್ಡಾಯವೆಂದು ಅವರು ತಪ್ಪು ತಿಳಿದಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳಿಗಾದ 2023ರ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳೊಂದಿಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಕನಿಷ್ಠ ಅರ್ಹತೆ, ಅವರಿಗೆ ಶೇ. 58 ಇತ್ತು. ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ವ್ಯವಸ್ಥೆಗೆ 15 ವರ್ಷಗಳ ವೃತ್ತಿ ಪರಿಣತಿ ಬೇಕು, ಪದವಿಯ ಕಟ್ಟುಪಾಡಿಲ್ಲ. ಆದರೆ ಅದು ಹೆಚ್ಚೆಂದರೆ ನಾಲ್ಕು ವರ್ಷಗಳ ತಾತ್ಕಾಲಿಕ ನೇಮಕ. ಬೋಧನೆಯೇ ಗುರಿಯಾದರೆ ಈ ದಾರಿಗಳಿವೆ, ಆ ಪ್ರಶ್ನೆ ಬಿಡದೆ ಕಾಡುತ್ತಿದ್ದರೆ ಮಾತ್ರ ಪಿಎಚ್‌ಡಿಗೆ ಬನ್ನಿ ಎಂದೆ. ಕಾಡುತ್ತಿದೆ ಎಂದರು.

ಹಣದ ವಿಚಾರವನ್ನು ಈ ಬಾರಿ ಪತ್ನಿಯ ಸಮ್ಮುಖದಲ್ಲೇ ಮಾತಾಡಿದೆವು. ತಿಂಗಳಿಗೆ 37,000 ರೂಪಾಯಿಯ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಇವರ ವಯಸ್ಸಿಗೆ ಸಿಗುವುದಿಲ್ಲ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಬೇಕು, ಆರು ವರ್ಷದವರೆಗೂ ಹಿಡಿಯಬಹುದು. ಅರೆಕಾಲಿಕ ಪಿಎಚ್‌ಡಿಗೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕಾದ್ದರಿಂದ, ರಾಜೀನಾಮೆಗಿಂತ ಮೊದಲು ಅದನ್ನು ಕೇಳಿ ನೋಡುವುದು, ಮನೆಯಲ್ಲಿ ಎರಡು ವರ್ಷದ ಖರ್ಚು ಕೂಡಿಡುವವರೆಗೆ ಕೆಲಸ ಬಿಡದಿರುವುದು ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಹಳೆಯ ಸಹೋದ್ಯೋಗಿಗಳನ್ನು ಸಂದರ್ಶಿಸುವಾಗ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ, ವಾಹಿನಿಯ ಆಂತರಿಕ ಕಡತಗಳನ್ನು ಮುಟ್ಟಬಾರದೆಂದೂ ನಾನು ಒತ್ತಿ ಹೇಳಿದೆ.

ತಮಗಿಂತ ಕಿರಿಯರಾದ ಮಾರ್ಗದರ್ಶಕರ ಕೈಕೆಳಗೆ ಕೂರುವ ಅಳುಕು ಪೂರ್ತಿ ಹೋಗಿಲ್ಲ. ಕಳೆದ ಭೇಟಿಯಲ್ಲಿ ತಮ್ಮ ಪ್ರಸ್ತಾವದ ತುಂಬ ಮಾರ್ಗದರ್ಶಕರಾಗಬಹುದಾದವರೊಬ್ಬರು ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ತೋರಿಸಿ, “ಪ್ರತಿ ಗುರುತಿಗೂ ಪಕ್ಕದಲ್ಲಿ ಏಕೆಂದು ಬರೆದಿದ್ದಾರೆ, ನೋಡಿ” ಎಂದರು. ನೆಟ್‌ಗೆ ಅರ್ಜಿ ಹಾಕಿದ್ದಾರೆ, ಬೆಳಗಿನ ಪಾಳಿಗೆ ಬದಲಾಯಿಸಿಕೊಂಡಿದ್ದಾರೆ. ರಾಜೀನಾಮೆ ಪತ್ರ ಇನ್ನೂ ಮೊಬೈಲಿನಲ್ಲೇ ಇದೆ.