ಪುಸ್ತಕಗಳು ಅಟ್ಟ ಸೇರಿದ ಮಳೆಗಾಲ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದ್ವಿತೀಯ ಪಿಯುಸಿ, ಕಾಮರ್ಸ್. ಪರೀಕ್ಷೆ ಹತ್ತಿರ ಬಂತು. ಓದಲು ಕೂತರೆ ಕೈ ಫ್ಯಾಂಟಸಿ ಕಾದಂಬರಿ ಕಡೆಗೇ ಹೋಗುತ್ತೆ, ರಾತ್ರಿ ಎರಡರವರೆಗೆ ಗೆಳೆಯರ ಜೊತೆ ಅದರದ್ದೇ ಮಾತು, ಬೆಳಗಾದರೆ ಅಮ್ಮನ ಜೊತೆ ಜಗಳ. "ಆ ಪುಸ್ತಕಗಳನ್ನೆಲ್ಲ ಒಲೆಗೆ ಹಾಕ್ತೀನಿ" ಅಂದಿದ್ದಾರೆ ಅಮ್ಮ. ಇದನ್ನೆಲ್ಲ ಪೂರ್ತಿ ಬಿಟ್ಟುಬಿಟ್ಟರೆ ಓದು ತಾನಾಗಿ ಬರುತ್ತದಾ ಅಂತ ನಿಮ್ಮ ಪ್ರಶ್ನೆ.

ಬರುವುದಿಲ್ಲ. ಊಹೆಯಿಂದ ಹೇಳುತ್ತಿಲ್ಲ. ಕಳೆದ ಮಳೆಗಾಲ ಇಡೀ ನನ್ನ ಪುಸ್ತಕಗಳು ಅಟ್ಟದ ಮೇಲಿದ್ದವು. ಆಗಲೂ ನಾನು ಓದಲಿಲ್ಲ.

ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಮನೆ ಮಕ್ಕಂದೂರು ಕಡೆ. ಅಪ್ಪ, ಅವ್ವ, ಅಜ್ಜಿ, ನಾನು. ಮನೆಯಲ್ಲಿ ಆಡುವುದು ಅರೆಭಾಷೆ, ಇಲ್ಲಿ ಅವರ ಮಾತುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಬೆಲ್ಲದ ಕಾಫಿ, ಏಳೂವರೆಗೆ ಅಕ್ಕಿ ರೊಟ್ಟಿ, ಆಮೇಲೆ ತೋಟದ ದಾರಿಯಲ್ಲಿ ನಡೆದು ರಸ್ತೆಗೆ ಬಂದರೆ ಬಸ್ಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಜಿಗಣೆ, ಮೈಮೇಲೆ ರೇನ್‌ಕೋಟ್, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಜೊತೆ ಸಾಕ್ಸ್. ಸಂಜೆ ಐದೂವರೆಗೆ ವಾಪಸ್ಸು. ಮಳೆಗಾಲದಲ್ಲಿ ಅಷ್ಟು ಹೊತ್ತಿಗೆ ಕರೆಂಟ್ ಇದ್ದರೆ ಅದೃಷ್ಟ.

ನನಗೆ ಈ ಹುಚ್ಚು ಹತ್ತಿದ್ದು 2018ರ ಆಗಸ್ಟ್‌ನಲ್ಲಿ. ಆಗ ನಾನು ಎಂಟನೇ ಕ್ಲಾಸು. ಆ ವಾರ ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಅಂತ ಒಂದರ ಹಿಂದೆ ಒಂದು ಕಡೆ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿಯಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಹಲವು ಕಡೆ ಕಿತ್ತುಹೋಗಿತ್ತು. ನಮ್ಮ ಮನೆ ಉಳಿಯಿತು. ಮನೆಯ ಹಿಂದಿನ ತೋಟದ ಅರ್ಧಕ್ಕಿಂತ ಹೆಚ್ಚು ಭಾಗ ಕಾಫಿ ಗಿಡ, ಮೆಣಸಿನ ಬಳ್ಳಿ, ಹಲಸಿನ ಮರ ಸಮೇತ ಕೆಳಗಿನ ಹೊಳೆಗೆ ಹೋಯಿತು. ನಮ್ಮನ್ನು ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಕರೆತಂದರು. ಅಲ್ಲಿಗೆ ಎಲ್ಲೆಲ್ಲಿಂದಲೋ ಬಂದ ಕಂಬಳಿ, ಬಕೆಟ್, ಬಟ್ಟೆಗಳ ರಾಶಿಯ ಜೊತೆ ಒಂದು ಪೆಟ್ಟಿಗೆ ಪುಸ್ತಕವೂ ಬಂದಿತ್ತು. ಅದರಲ್ಲಿ ಒಂದಕ್ಕೆ ರಟ್ಟು ಹರಿದಿತ್ತು. ಒಳಗೆ ಒಂದು ನಕಾಶೆ ಇತ್ತು: ಬೆಟ್ಟಗಳು, ನದಿಗಳು, ನಾನು ಕೇಳಿರದ ಊರುಗಳು. ಇಂಗ್ಲಿಷ್ ಲೇಖಕ ಟೋಲ್ಕಿನ್ನರ ಫ್ಯಾಂಟಸಿ ಕಾದಂಬರಿ 'ದ ಲಾರ್ಡ್ ಆಫ್ ದ ರಿಂಗ್ಸ್'ನ ಮೊದಲ ಭಾಗ. ಕನ್ನಡ ಮಾಧ್ಯಮದ ನನಗೆ ಆ ಇಂಗ್ಲಿಷ್ ಒಂದು ಪುಟವೂ ಸಲೀಸಾಗಿ ಓದಲು ಬರಲಿಲ್ಲ. ಹಾಗಾಗಿ ಮೊದಲ ಒಂದು ವಾರ ನಕಾಶೆಯನ್ನೇ ಓದಿದೆ. ನಮ್ಮ ಬೆಟ್ಟ ಎಲ್ಲಿತ್ತೋ ಅಲ್ಲಿ ಇಲ್ಲದಿದ್ದ ಆ ದಿನಗಳಲ್ಲಿ, ಬೆಟ್ಟಗಳು ಅವುಗಳ ಜಾಗದಲ್ಲೇ ಇರುವ ಒಂದು ಕಾಗದ ನನ್ನ ಕೈಯಲ್ಲಿತ್ತು. ಡಿಕ್ಷನರಿ ಇಟ್ಟುಕೊಂಡು ಮೊದಲ ಭಾಗ ಮುಗಿಸಲು ಒಂಬತ್ತು ತಿಂಗಳು ಬೇಕಾಯಿತು.

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ನಿಮಗೂ ಆ ಪುಸ್ತಕಗಳು ಸುಮ್ಮನೆ ಬಂದಿರಲಾರವು. ಯಾವುದೋ ಕಷ್ಟದಲ್ಲಿ ಕೈ ಹಿಡಿದಿರುತ್ತವೆ. ಅದನ್ನು ಚಟ ಅಂತ ಮಾತ್ರ ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ತಪ್ಪಿನ ವಿಷಯ. ಮೂರನೇ ಸೆಮಿಸ್ಟರ್‌ನಲ್ಲಿ ಕಾಸ್ಟ್ ಅಕೌಂಟಿಂಗ್ (ತಯಾರಿಕೆಯ ವೆಚ್ಚದ ಲೆಕ್ಕ) ಬ್ಯಾಕ್ ಆಯಿತು, ಅಂದರೆ ಫೇಲಾದೆ, ಮತ್ತೆ ಬರೆಯಬೇಕಿತ್ತು. ರಿಸಲ್ಟ್ ನೋಡಿ ಪ್ರಿಂಟ್ ತೆಗೆದುಕೊಂಡೆ, ಮನೆಯಲ್ಲಿ ಹೇಳಲಿಲ್ಲ. ಇವತ್ತು ಹೇಳೋಣ, ಭಾನುವಾರ ಹೇಳೋಣ, ಅಪ್ಪನಿಗೆ ಮೆಣಸಿನ ದುಡ್ಡು ಬರಲಿ ಆಮೇಲೆ ಹೇಳೋಣ ಅಂತ ಎರಡು ತಿಂಗಳು ಕಳೆಯಿತು. ಓದು ಮುಂದೂಡಿದ್ದಕ್ಕಿಂತ ಈ ಮಾತು ಮುಂದೂಡಿದ್ದೇ ನನ್ನನ್ನು ಹೆಚ್ಚು ತಿಂದಿತು. ಜೂನ್‌ನಲ್ಲಿ ಒಂದು ಸಂಜೆ ಅವ್ವ ನನ್ನ ರೇನ್‌ಕೋಟನ್ನು ಒಲೆಯ ಮೇಲಿನ ಹಗ್ಗಕ್ಕೆ ಒಣಗಿಸಲು ಹಾಕುವಾಗ ಜೇಬಿನಲ್ಲಿ ಒದ್ದೆ ಕಾಗದ ಸಿಕ್ಕಿತು. ಏನೋ ಮುಖ್ಯವಾದದ್ದು ಇರಬೇಕು ಅಂತ ಅವ್ವ ಅದನ್ನು ಜೋಪಾನವಾಗಿ ಬಿಡಿಸಿ, ಪಾತ್ರೆಯ ಮುಚ್ಚಳದ ಮೇಲೆ ಹರಡಿ, ಒಲೆಯ ಪಕ್ಕ ಇಟ್ಟು ಒಣಗಿಸಿದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಅದನ್ನು ಓದುತ್ತಿದ್ದರು.

ಅಪ್ಪ ಕೂಗಾಡಲಿಲ್ಲ. "ತೋಟ ಹೋದಾಗ ನೀನು ಓದ್ತೀಯ ಅಂತ ಧೈರ್ಯ ಇತ್ತು" ಅಂದರು, ಅಷ್ಟೆ. ಕಾಫಿ ತುಂಬುವ ಒಂದು ಗೋಣಿಚೀಲ ತಂದು ನನ್ನ ಹನ್ನೊಂದು ಪುಸ್ತಕ, ನಾನು ಬರೆದ ನಕಾಶೆಗಳ ಎರಡು ಡ್ರಾಯಿಂಗ್ ಬುಕ್ಕು ಎಲ್ಲ ಅದರಲ್ಲಿ ತುಂಬಿದರು. ಚೀಲ ಅಟ್ಟಕ್ಕೆ ಹೋಯಿತು. ನಾನು ಅಪ್ಪನ ಜೊತೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಅಜ್ಜಿ ಇಬ್ಬರ ನಡುವೆ ಸುದ್ದಿ ಮುಟ್ಟಿಸುತ್ತಿದ್ದರು.

ಪುಸ್ತಕ ಇಲ್ಲದ ಆ ತಿಂಗಳುಗಳಲ್ಲಿ ನಾನೇನು ಮಾಡಿದೆ ಗೊತ್ತೇ? ಕಪಾಟು ಜೋಡಿಸಿದೆ. ಮೊಬೈಲಿನಲ್ಲಿ ರೀಲ್ಸ್ ನೋಡಿದೆ. ಅಜ್ಜಿಯ ಎಲೆಯಡಿಕೆ ಪೆಟ್ಟಿಗೆ ಉಜ್ಜಿ ಹೊಳೆಯಿಸಿದೆ. ಹಿಂದಿನ ವರ್ಷದ ಪ್ರಶ್ನೆಪತ್ರಿಕೆಗಳಿಗೆ ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದೆ. ಕಾಸ್ಟ್ ಅಕೌಂಟಿಂಗ್ ಪುಸ್ತಕ ತೆರೆದಾಗ ಮಾತ್ರ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗಿ ಮುಚ್ಚಿಬಿಡುತ್ತಿದ್ದೆ. ಪುಸ್ತಕಗಳು ಇದ್ದಾಗಲೂ ಹೀಗೇ ಆಗುತ್ತಿತ್ತು. ಆಗ ಓಡಿಹೋಗಲು ಒಂದು ಚೆಂದದ ಊರಿತ್ತು, ಈಗ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಫ್ಯೂಷಿಯಾ ಸಿರೋಯ್ ಮತ್ತು ಟಿಮೊಥಿ ಪಿಚಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಲೇಖನದಲ್ಲಿ ಹೇಳುವುದು ಇದನ್ನೇ. ಕೆಲಸ ಮುಂದೂಡುವುದು ಸೋಮಾರಿತನದ ಲೆಕ್ಕಕ್ಕೆ ಬರುವುದಿಲ್ಲ. ಆ ಕೆಲಸ ಎದುರಿಗೆ ಬಂದಾಗ ಹುಟ್ಟುವ ಭಯ, ಬೇಜಾರು, ನಾಚಿಕೆಗಳಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳುವ ದಾರಿ ಅದು. ಇನ್ನೊಂದು ನನಗೆ ತುಂಬಾ ಹಿಡಿಸಿತು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಯ ಹೊತ್ತಿಗೆ ಕಡಿಮೆ ಮುಂದೂಡಿದ್ದರು. ಬೈದುಕೊಂಡಷ್ಟೂ ಆ ಪುಸ್ತಕ ಇನ್ನಷ್ಟು ಹೆದರಿಸುತ್ತದೆ, ಹೆದರಿದಷ್ಟೂ ದೂರ ಓಡುತ್ತೇವೆ. ನನ್ನ ಎರಡು ತಿಂಗಳ ಸುಳ್ಳಿಗೆ ಅದಕ್ಕಿಂತ ಬೇರೆ ಕಾರಣವಿರಲಿಲ್ಲ.

ನನ್ನನ್ನು ದಡ ಸೇರಿಸಿದ್ದು ಸೆಪ್ಟೆಂಬರ್‌ನಲ್ಲಿ, ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್ ರಜೆ ಮುಗಿದ ಮೇಲೆ ಕ್ಲಾಸಿನ ಗೆಳತಿ ಕೇಳಿದ ಒಂದು ಪ್ರಶ್ನೆ. "ಎಲ್ಲಿಂದ ಅರ್ಥ ಆಗ್ತಿಲ್ಲ, ತೋರಿಸು" ಅಂದಳು. "ಎಲ್ಲಾ" ಅಂದೆ. ಅವಳು ಒಪ್ಪಲಿಲ್ಲ. ಪಕ್ಕದಲ್ಲಿ ಕೂತು ಹಿಂದಿನಿಂದ ಒಂದೊಂದೇ ಪುಟ ತಿರುಗಿಸುತ್ತ ಬಂದಳು. ನಿಂತದ್ದು ಓವರ್‌ಹೆಡ್ (ಬಾಡಿಗೆ, ಕರೆಂಟಿನಂಥ ಪರೋಕ್ಷ ಖರ್ಚು) ಹಂಚಿಕೆಯ ಪಾಠದಲ್ಲಿ. ಅದರ ಹಿಂದಿನದ್ದೆಲ್ಲ ನನಗೆ ಗೊತ್ತಿತ್ತು, ಮುಂದಿನದ್ದು ಒಂದೂ ಗೊತ್ತಿರಲಿಲ್ಲ. ಆಗ ನೆನಪಾಯಿತು: ಮೂರನೇ ಸೆಮಿಸ್ಟರ್ ನಡೆಯುತ್ತಿದ್ದ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ನಮ್ಮ ರಸ್ತೆಗೆ ಮರ ಬಿದ್ದು ಬಸ್ಸು ಬಾರದೆ ನಾನು ಮೂರು ದಿನ ಕಾಲೇಜಿಗೆ ಹೋಗಿರಲಿಲ್ಲ. ಆ ಮೂರು ದಿನ ನಡೆದದ್ದು ಅದೇ ಪಾಠ. ಒಂದು ವರ್ಷದಿಂದ ನಾನು 'ಕಾಸ್ಟ್ ಅಕೌಂಟಿಂಗ್' ಅಂತ ಹೆದರುತ್ತಿದ್ದದ್ದು ಮೂರು ಗಂಟೆಯ ಪಾಠಕ್ಕೆ! ಎರಡು ಶನಿವಾರ ಕಾಲೇಜಿನ ಜಗುಲಿಯಲ್ಲಿ ಕೂತು ಅವಳು ಹೇಳಿಕೊಟ್ಟಳು. ಒಂದು ವಿಭಾಗದ ಖರ್ಚು ಇನ್ನೊಂದಕ್ಕೆ, ಅದರದ್ದು ತಿರುಗಿ ಇದಕ್ಕೆ ಹಂಚುವ ಲೆಕ್ಕವನ್ನು ನಾನೇ ಬಿಡಿಸಿದಾಗ ಕೈ ನಡುಗುತ್ತಿತ್ತು, ಖುಷಿಗೆ.

ಹಾಗಾಗಿ ನಿಮಗೆ ನಾನು ಹೇಳುವ ಮೊದಲ ಕೆಲಸ ಅದು. ಯಾವ ವಿಷಯ ಅನ್ನುವುದು ಸಾಲದು, ಯಾವ ಪಾಠದ ಯಾವ ಪುಟ ಅಂತ ಹುಡುಕಿ. ಒಬ್ಬರೇ ಹುಡುಕಬೇಡಿ, ಪಕ್ಕದಲ್ಲಿ ಯಾರಾದರೂ ಕೂರಲಿ. ಒಬ್ಬರೇ ಕೂತರೆ "ಎಲ್ಲಾ" ಅಂತಲೇ ಅನ್ನಿಸುತ್ತದೆ.

ಕಾದಂಬರಿಗೆ ಹೊತ್ತು ಗೊತ್ತುಮಾಡಿ. ನಾನು ಬಸ್ಸಿಳಿದು ಬಂದು ಕಾಫಿ ಕುಡಿದ ತಕ್ಷಣ ಒಂದೇ ಒಂದು ಲೆಕ್ಕ ಮಾಡುತ್ತೇನೆ. ಮನಸ್ಸು ತೀರಾ ಒಲ್ಲೆ ಅಂದ ದಿನ ಲೆಕ್ಕದ ಪ್ರಶ್ನೆಯನ್ನಾದರೂ ನೋಟ್ಸಿಗೆ ಇಳಿಸುತ್ತೇನೆ. ಇಳಿಸಿದ ಮೇಲೆ ಬಿಡಿಸದೆ ಎದ್ದ ದಿನ ತೀರಾ ಕಡಿಮೆ. ರಾತ್ರಿ ಊಟದ ನಂತರದ ಒಂದು ಗಂಟೆ ಕಥೆಯದ್ದು. ಅದನ್ನು ಕದ್ದು ಓದುವುದಿಲ್ಲ, ಎಲ್ಲರ ಎದುರು ಓದುತ್ತೇನೆ. ಕದ್ದು ಓದಿದಾಗ ರಾತ್ರಿ ಎರಡರವರೆಗೆ ಓದಿದರೂ ಸಾಕಾಗುತ್ತಿರಲಿಲ್ಲ. ಈಗ ಒಂದು ಗಂಟೆ ಸಾಕಾಗುತ್ತದೆ. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದವರು. ರಜೆಯಲ್ಲಿ ಶಾಲಾ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಾಗ ಸಿಕ್ಕ ಖಾಲಿ ಹಾಳೆಯ ಮೇಲೆ 'ದ ಹಾಬಿಟ್'ನ ಮೊದಲ ಸಾಲು ಬರೆದರು. ಅದು ಪುಸ್ತಕವಾದದ್ದು 1937ರಲ್ಲಿ. ಅದರ ಮುಂದಿನ ಕಥೆಯನ್ನು ಅದೇ ವರ್ಷ ಶುರುಮಾಡಿದರೂ ಅಚ್ಚಾಗಿ ಬರುವಾಗ 1954 ಆಗಿತ್ತು. ಪಾಠ, ಮನೆ, ಯುದ್ಧದ ಕಾಲ ಎಲ್ಲದರ ಮಧ್ಯೆ ಆ ಲೋಕ ಕಟ್ಟಿದರು. ಅವರ ಉತ್ತರಪತ್ರಿಕೆಗಳೂ ತಿದ್ದಿ ಮುಗಿದಿರಬೇಕಲ್ಲ.

ಅಮ್ಮನ ವಿಷಯ. ಒಲೆಗೆ ಹಾಕ್ತೀನಿ ಅನ್ನುವ ಮಾತು ನೋಯಿಸುತ್ತದೆ, ನನಗೆ ಗೊತ್ತು. ಕಿರುಪರೀಕ್ಷೆಯ ಅಂಕ ಮುಚ್ಚಿಟ್ಟಿದ್ದರೆ ಇವತ್ತೇ ಹೇಳಿಬಿಡಿ. ಕಾಗದ ಅವರ ಕೈಗೆ ತಾನಾಗಿ ಸಿಗುವ ಮೊದಲು. ಆಮೇಲಿನ ಜಗಳ ಬೇರೆ ಥರ ಇರುತ್ತದೆ.

ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾಯಿತು. ಉಳಿದ ತೋಟದ್ದೇ ಆದರೂ ಕಣ ತುಂಬಿತ್ತು. ರಾತ್ರಿ ಇಬ್ಬನಿಗೆ ಹಣ್ಣು ನೆನೆಯದಂತೆ ಮುಚ್ಚಲು ಟಾರ್ಪಾಲು ಸಾಲಲಿಲ್ಲ. ಅಪ್ಪ ಏಣಿ ಇಟ್ಟು ಅಟ್ಟ ಹತ್ತಿದರು, ನನ್ನ ಗೋಣಿಚೀಲ ಹೊತ್ತು ಇಳಿದರು. ಚೀಲದ ಸುತ್ತ ನಮ್ಮ ಮನೆಯ ಒಳ್ಳೆಯ ಟಾರ್ಪಾಲು ಎರಡು ಸುತ್ತು ಸುತ್ತಿ ಹಗ್ಗ ಬಿಗಿದಿತ್ತು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಯಾವಾಗ ಹತ್ತಿ ಅದನ್ನು ಸುತ್ತಿದ್ದರೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹಗ್ಗ ಬಿಚ್ಚಿ, ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಪುಟ ಬಿಡಿಸಿ ಮೂಸಿ ನೋಡಿ, ಕಾಫಿಯ ಪಕ್ಕ ಬಿಸಿಲಿಗೆ ಸಾಲಾಗಿ ಇಟ್ಟರು. ಟಾರ್ಪಾಲು ಕಣಕ್ಕೆ ಹೋಯಿತು.

ಆ ಸಂಜೆ ಕಾಫಿ ರಾಶಿ ಮಾಡುವಾಗ ಅಪ್ಪನಿಗೆ 'ದ ಲಾರ್ಡ್ ಆಫ್ ದ ರಿಂಗ್ಸ್'ನ ಸ್ಯಾಮ್‌ನ ಕಥೆ ಹೇಳಿದೆ. ಯುದ್ಧ ಮುಗಿಸಿ ಬಂದರೆ ಅವನ ಊರು ಷೈರ್‌ನ ಮರಗಳನ್ನೆಲ್ಲ ಕಡಿದು ಹಾಕಿರುತ್ತಾರೆ. ಸ್ಯಾಮ್ ತೋಟಗಾರ. ಎಲ್ಫ್‌ಗಳ ರಾಣಿ ಗೆಲಾಡ್ರಿಯಲ್ ಕೊಟ್ಟ ಮಣ್ಣಿನ ಪುಟ್ಟ ಪೆಟ್ಟಿಗೆ ಅವನಲ್ಲಿರುತ್ತದೆ. ಮರ ಹೋದ ಕಡೆಯಲ್ಲೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೂ ಒಂದೊಂದು ಕಣ ಮಣ್ಣು ಹಾಕುತ್ತಾನೆ. ಮುಂದಿನ ವಸಂತಕ್ಕೆ ಎಲ್ಲವೂ ಎದ್ದು ನಿಲ್ಲುತ್ತವೆ. ಸಿನಿಮಾದಲ್ಲಿ ಊರು ಹಾಳಾಗುವ ಈ ಭಾಗವೇ ಇಲ್ಲ, ನನಗೆ ಇಡೀ ಕಥೆಯಲ್ಲಿ ಅದೇ ಮುಖ್ಯ. ಅಪ್ಪ ಕೊರಡು ಎಳೆಯುವುದನ್ನು ನಿಲ್ಲಿಸಿ ಕೇಳಿದರು. "ಒಂದೇ ವರ್ಷಕ್ಕಾ?" ಅಂದರು. ಆಮೇಲೆ ಮನೆಯ ಹಿಂದೆ ನೋಡಿದರು. ಜರಿದ ಬರೆಯಲ್ಲಿ ಅವರು ನೆಟ್ಟ ಲಾವಂಚ ದಟ್ಟವಾಗಿದೆ, ಸಿಲ್ವರ್ ಮರಗಳು ನನಗಿಂತ ಎತ್ತರಕ್ಕೆ ಬಂದಿವೆ, ಕಾಫಿಗೆ ಇನ್ನೂ ಸಮಯ ಬೇಕು.

ಬ್ಯಾಕ್ ಪೇಪರ್ ಪಾಸಾಯಿತು. ನೀವು ಆ ಪುಟ ಸಿಕ್ಕಿದ ಕೂಡಲೇ ಇಲ್ಲಿ ಬರೆಯಿರಿ. ಅಕೌಂಟೆನ್ಸಿ ಆದರೆ ನಾನೇ ಹೇಳಿಕೊಡಬಲ್ಲೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ, ರಾತ್ರಿ ಎಂಟರ ಒಳಗೆ ಕೇಳಿದರೆ ಅವತ್ತೇ ಉತ್ತರ ಬರೆಯುತ್ತೇನೆ.