ಓದುಗರ ಪ್ರಶ್ನೆ: ಕತ್ತರಿಸಿದರೂ ಸಾಯದ ಹುಳು ನೀರಿಗೆ ಸಾಯುತ್ತದೆ

ಪ್ರಶ್ನೆ: ಪ್ಲನೇರಿಯಾ ಎಂಬ ಸಿಹಿನೀರಿನ ಚಪ್ಪಟೆ ಹುಳುವನ್ನು ಕತ್ತರಿಸಿದರೆ ಒಂದೊಂದು ತುಂಡಿನಿಂದಲೂ ಹೊಸ ಹುಳು ಬೆಳೆಯುತ್ತದಂತೆ. ಕಾಲೇಜಿನ ಪ್ರಾಜೆಕ್ಟ್‌ಗೆ ಈ ಹುಳುಗಳನ್ನು ಮೂರು ಮೂರು ತುಂಡು ಮಾಡಿ, ಸೋಸಿದ ನಲ್ಲಿ ನೀರಿನಲ್ಲಿ ಬಿಟ್ಟೆವು. ಎರಡೇ ದಿನದಲ್ಲಿ ಎಲ್ಲವೂ ಲೋಳೆಯಾಗಿ ಕರಗಿದವು. ಬ್ಲೇಡು ಮೊಂಡಾಗಿತ್ತೇ?

ಉತ್ತರ: ಬ್ಲೇಡಿನದು ತಪ್ಪಲ್ಲ, ನೀರಿನದು. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆಯೇ ಹೊರತು ಕ್ಲೋರಿನ್ ಹೋಗುವುದಿಲ್ಲ. ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋದೀತು, ಆದರೆ ಕ್ಲೋರಮಿನ್ (ಕ್ಲೋರಿನ್, ಅಮೋನಿಯ ಸೇರಿದ ಸಂಯುಕ್ತ) ಹಾಕಿದ ನೀರಿಗೆ ಆ ಉಪಾಯ ನಡೆಯದು. ಹಾಗೆಂದು ಡಿಸ್ಟಿಲ್ಡ್ ವಾಟರ್‌ಗೆ ಹೋಗಬೇಡಿ. ಅದರಲ್ಲಿ ಲವಣವೇ ಇಲ್ಲದ್ದರಿಂದ ನೀರು ಹುಳುವಿನೊಳಗೆ ನುಗ್ಗುತ್ತದೆ. ಈ ಪ್ರಾಣಿಗೆ ಕಿವಿರೂ ಇಲ್ಲ, ರಕ್ತವೂ ಇಲ್ಲ. ಉಸಿರಾಟವೆಲ್ಲ ತೆಳು ಚರ್ಮದ ಮೂಲಕವೇ. ನೀರಿನಲ್ಲಿರುವ ವಿಷ ತಡೆಯಿಲ್ಲದೆ ಮೈ ಸೇರುತ್ತದೆ. ತಾಮ್ರದ ಪಾತ್ರೆ, ಬೆರಳಿಗಂಟಿದ ಸೋಪು ಎರಡೂ ಅಷ್ಟೇ ಅಪಾಯ.

ಪ್ರಯೋಗಾಲಯಗಳಲ್ಲಿ ಡಿಸ್ಟಿಲ್ಡ್ ವಾಟರ್‌ಗೇ ಲವಣ ಬೆರೆಸಿಕೊಳ್ಳುತ್ತಾರೆ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 94 ಮಿಲಿಗ್ರಾಂ, ಸೋಡಿಯಂ ಬೈಕಾರ್ಬನೇಟ್ 101, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 147, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 246, ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 20, ಪೊಟ್ಯಾಸಿಯಂ ಕ್ಲೋರೈಡ್ 7.5. ಪಿಎಚ್ 7ಕ್ಕೆ ತನ್ನಿ. ಬಾಟಲಿಯ ಲೇಬಲ್ ಓದದೆ ತೂಗುವುದು ಇಲ್ಲಿ ಆಗುವ ಮಾಮೂಲಿ ಎಡವಟ್ಟು. ‘ಅನ್‌ಹೈಡ್ರಸ್’ (ನೀರಿನಂಶವಿಲ್ಲದ್ದು) ಎಂದಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ 111, ಮೆಗ್ನೀಸಿಯಂ ಸಲ್ಫೇಟ್ 120 ಮಿಲಿಗ್ರಾಂ ಸಾಕು.

ನೀರು ಸರಿಯಾದ ಮೇಲೆ ಹೊಟ್ಟೆಯ ಮಾತು. ಕತ್ತರಿಸುವ ಮೊದಲು ಒಂದು ವಾರ ಉಪವಾಸ ಕೆಡವಿ. ಕರುಳಿನಲ್ಲಿ ಆಹಾರವಿದ್ದರೆ ಗಾಯದಿಂದ ಹೊರಬಂದು ಕೊಳೆಯುತ್ತದೆ, ಬ್ಯಾಕ್ಟೀರಿಯಾ ಹೆಚ್ಚಿ ತುಂಡುಗಳು ಸಾಯುತ್ತವೆ. ಐಸ್ ಮೇಲೆ ಪೆಟ್ರಿ ತಟ್ಟೆ, ಅದರೊಳಗೆ ಒದ್ದೆ ಫಿಲ್ಟರ್ ಪೇಪರ್ ಇಟ್ಟು ಹುಳುವನ್ನು ಬಿಡಿ. ತಂಪಿಗೆ ಓಡಾಟ ನಿಧಾನವಾಗುತ್ತದೆ. ಅದು ಮೈ ಚಾಚಿದ ಗಳಿಗೆ ನೋಡಿ ಹೊಸ ಬ್ಲೇಡನ್ನು ನೇರವಾಗಿ ಕೆಳಕ್ಕೆ ಒತ್ತಿ. ಗರಗಸದಂತೆ ಎಳೆಯಬೇಡಿ. ತುಂಡುಗಳನ್ನು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿಟ್ಟು ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಸತ್ತ ತುಂಡು ಕಂಡರೆ ಆಗಲೇ ತೆಗೆಯಿರಿ, ಒಂದು ಕೊಳೆತರೆ ಪಕ್ಕದ್ದನ್ನೂ ಕೆಡಿಸುತ್ತದೆ.

ಎರಡು ಮೂರನೇ ದಿನ ಗಾಯದ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿ ಮೊಗ್ಗು ಕಾಣುತ್ತದೆ, ಹೊಸ ಅಂಗ ಮೂಡುವ ಬ್ಲಾಸ್ಟಿಮಾ ಅದೇ. ಸುಮಾರು ಐದಾರನೇ ದಿನ ಆ ಬಿಳುಪಿನಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಎರಡು ಕಪ್ಪು ಚುಕ್ಕೆ ಮೂಡುತ್ತವೆ. ಅವು ಕಣ್ಣುಗಳು. ಎರಡು ವಾರ ತುಂಬುವವರೆಗೆ ಆಹಾರ ಹಾಕಬೇಡಿ. ಬಾಯೇ ಪೂರ್ತಿ ಆಗಿರುವುದಿಲ್ಲ.

ಪ್ರಶ್ನೆ: ಎಷ್ಟು ಚಿಕ್ಕ ತುಂಡಿನಿಂದ ಇಡೀ ಹುಳು ಬೆಳೆಯಬಹುದು? ತಲೆ ಯಾವ ಕಡೆ ಬರಬೇಕೆಂದು ತುಂಡಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: 1898ರಲ್ಲಿ ಅಮೆರಿಕದ ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಕೊಟ್ಟ ಲೆಕ್ಕ 279ರಲ್ಲಿ ಒಂದು ಪಾಲು. ಆ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ, ಆದರೆ ಯಾವ ಭಾಗದ ತುಂಡು ಎಂಬುದು ಗಾತ್ರದಷ್ಟೇ ಮುಖ್ಯ. ಕಣ್ಣುಗಳ ಮುಂದಿನ ತುದಿಯನ್ನೋ ಆಹಾರ ಹೀರುವ ಗಂಟಲ ಕೊಳವೆಯನ್ನೋ ಮಾತ್ರ ಕತ್ತರಿಸಿಟ್ಟರೆ ಅದರಿಂದ ಹುಳು ಬೆಳೆಯದು. ಕಾರಣ, ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು (ಸ್ಟೆಮ್ ಸೆಲ್) ಅಲ್ಲಿಲ್ಲ. ಹುಳುವಿನ ಮೈಯಲ್ಲಿ ವಿಭಜನೆಯಾಗಬಲ್ಲ ಕೋಶಗಳೆಂದರೆ ಇವೇ. ವಿಕಿರಣ ಕೊಟ್ಟು ಇವನ್ನು ನಾಶಮಾಡಿದರೆ ಹುಳು ಕೆಲವು ವಾರಗಳಲ್ಲಿ ಸಾಯುತ್ತದೆ. 2011ರಲ್ಲಿ ಅಮೆರಿಕದ ಜೀವವಿಜ್ಞಾನಿ ಪೀಟರ್ ರೆಡಿಯನ್ ಅವರ ತಂಡ ಅಂಥ ಹುಳುವಿಗೆ ಒಂದೇ ಒಂದು ನಿಯೋಬ್ಲಾಸ್ಟ್ ಸೇರಿಸಿ ಅದನ್ನು ಬದುಕಿಸಿ ತೋರಿಸಿತು.

ದಿಕ್ಕಿನ ವಿಷಯಕ್ಕೆ ಬಂದರೆ, ಸೂಚನೆ ಕೊಡುವುದು ಪ್ರಧಾನವಾಗಿ ‘ವಿಂಟ್’ ಎಂಬ, ಕೋಶಗಳ ನಡುವೆ ಸುದ್ದಿ ಮುಟ್ಟಿಸುವ ಸಂಕೇತ ಜಾಲ. ಬಾಲದ ಕಡೆ ಅದು ಜೋರು, ತಲೆಯ ಕಡೆ ಕ್ಷೀಣ. ಅದರ ಬೀಟಾ-ಕ್ಯಾಟೆನಿನ್ ಜೀನನ್ನು ಸುಮ್ಮನಾಗಿಸಿದರೆ ಬಾಲವಿರಬೇಕಾದಲ್ಲಿ ಇನ್ನೊಂದು ತಲೆ ಬರುತ್ತದೆಂದು 2008ರಲ್ಲಿ ಗೊತ್ತಾಯಿತು. ಜೀನ್ ಸುಮ್ಮನಾಗಿಸುವ ವಿಧಾನವೂ ತಮಾಷೆಯಾಗಿದೆ: ಆ ಜೀನಿಗೆ ಹೊಂದುವ ಎರಡೆಳೆಯ ಆರ್‌ಎನ್‌ಎಯನ್ನು ಅರೆದ ಯಕೃತ್ತಿಗೆ ಬೆರೆಸಿ ತಿನ್ನಿಸಿದರೆ ಆಯಿತು. ಸಂಶೋಧಕರಿಗೆ ಈ ಹುಳು ಅಚ್ಚುಮೆಚ್ಚಾಗಲು ಇದೂ ಒಂದು ಕಾರಣ. ಎಲ್ಲ ಪ್ಲನೇರಿಯಾಗಳಿಗೂ ಈ ಶಕ್ತಿ ಸಮನಾಗಿಲ್ಲ. ಡೆಂಡ್ರೊಸೀಲಮ್ ಲ್ಯಾಕ್ಟಿಯಮ್ ಎಂಬ ಪ್ಲನೇರಿಯಾದ ಬಾಲದ ತುಂಡಿಗೆ ತಲೆ ಬರುವುದಿಲ್ಲ. ಅದರಲ್ಲೂ ಅದೇ ಬೀಟಾ-ಕ್ಯಾಟೆನಿನ್ ತಗ್ಗಿಸಿದಾಗ ತಲೆ ಬಂತು ಎಂಬುದು 2013ರ ಸುದ್ದಿ.

ಪ್ರಶ್ನೆ: ಆಹಾರ ಏನು, ಎಷ್ಟು? ಹಾಕಿದ ಮರುದಿನವೇ ನೀರು ನಾರುತ್ತದೆ.

ಉತ್ತರ: ಹಸಿ ಯಕೃತ್ತು, ವಾರಕ್ಕೊಮ್ಮೆ. ಕೊಬ್ಬು, ನಾರು ತೆಗೆದು ಅರೆದು, ಬಟಾಣಿ ಗಾತ್ರದ ಉಂಡೆ ಮಾಡಿ ಫ್ರೀಜರಿನಲ್ಲಿಡಿ. ಹಾಕಿದೊಡನೆ ಗಮನಿಸಿ: ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಅಲ್ಲಿಂದ ಬಿಳಿ ಕೊಳವೆ ಹೊರಚಾಚಿ ಹೀರುತ್ತದೆ. ಒಂದೆರಡು ಗಂಟೆಯಲ್ಲಿ ಉಳಿದದ್ದನ್ನು ಪಿಪೆಟ್‌ನಿಂದ ಎತ್ತಿ, ಪೂರ್ತಿ ನೀರು ಬದಲಿಸಿ. ನಾರುವುದು ನೀವು ರಾತ್ರಿಯಿಡೀ ಬಿಟ್ಟದ್ದರಿಂದ. ಗುದದ್ವಾರವಿಲ್ಲದ ಈ ಹುಳು ಜೀರ್ಣವಾಗದ್ದನ್ನು ಬಾಯಿಂದಲೇ ಹೊರಹಾಕುತ್ತದೆ, ಹಾಗಾಗಿ ಮರುದಿನ ಇನ್ನೊಮ್ಮೆ ನೀರು ಬದಲಿಸಬೇಕು. ರಜೆಯಲ್ಲಿ ಮೂರು ವಾರ ಉಪವಾಸ ಬಿದ್ದರೂ ಸಾಯದು, ಗಿಡ್ಡವಾಗುತ್ತದೆ ಅಷ್ಟೇ. ತಿಂದರೆ ಮತ್ತೆ ಬೆಳೆಯುತ್ತದೆ. ತಲೆಯ ಅಂಚು ಸವೆದು ಕಣ್ಣು ಮಾಸಿದರೆ ಮಾತ್ರ ಅದು ರೋಗ ಅಥವಾ ಕೆಟ್ಟ ನೀರಿನ ಲಕ್ಷಣ. ಆ ಹುಳುವನ್ನು ಬೇರೆ ತಟ್ಟೆಗೆ ಹಾಕಿ.

ಪ್ರಶ್ನೆ: ಇದು ಲಾಡಿಹುಳುವಿನ ಸಂಬಂಧಿಯೇ? ಮುಟ್ಟಿದರೆ ರೋಗ ಬರುತ್ತದೆಯೇ?

ಉತ್ತರ: ವಂಶ ಒಂದೇ, ಬದುಕು ಬೇರೆ. ಪ್ಲನೇರಿಯಾ ಪರಾವಲಂಬಿಯಲ್ಲ. ಕೈ ತೊಳೆದುಕೊಂಡರೆ ಸಾಕು.

ಪ್ರಶ್ನೆ: ತಲೆಯನ್ನು ನಡುವೆ ಸೀಳಿದರೆ ಎರಡು ತಲೆ ಬರುತ್ತದೆಂದು ಓದಿ ಸೀಳಿದೆ. ಮರುದಿನ ನೋಡಿದರೆ ಸೀಳೇ ಇಲ್ಲ!

ಉತ್ತರ: ಎರಡು ಅಂಚುಗಳು ಒಂದಕ್ಕೊಂದು ತಾಗಿದರೆ ಸಾಕು, ಬೆಸೆದುಕೊಳ್ಳುತ್ತವೆ. ಕಣ್ಣುಗಳ ನಡುವಿನಿಂದ ಗಂಟಲ ಕೊಳವೆಯ ಮುಂಭಾಗದವರೆಗೆ ಆಳವಾಗಿ ಸೀಳಿ, ಮೊದಲ ದಿನ ಕೆಲವು ಗಂಟೆಗೊಮ್ಮೆ ನೋಡಿ, ಕೂಡಿಕೊಂಡಿದ್ದರೆ ಅದೇ ಗೆರೆಯಲ್ಲಿ ಮತ್ತೆ ಬಿಡಿಸಿ. ಒಳ ಅಂಚುಗಳಲ್ಲಿ ಬಿಳಿ ಮೊಗ್ಗು ಕಂಡ ಮೇಲೆ ಬ್ಲೇಡು ಕೆಳಗಿಡಬಹುದು.