ಚಿತ್ರಪುಸ್ತಕ ತೋರಿಸಿದರೂ ಎರಡನೇ ತರಗತಿ ಮಕ್ಕಳು ಬಾಯಿ ಬಿಡುವುದಿಲ್ಲ. ಯಾವ ಪುಸ್ತಕ ತರಿಸಲಿ?

ಬಾಗೇಪಲ್ಲಿ ಕಡೆಯ ಶಾಲೆ, "ಇದೇನು?" ಅಂದರೆ "ಆನೇ" ಅಂತ ಒಟ್ಟಿಗೆ ಕೂಗಿ ಮತ್ತೆ ಸುಮ್ಮನಾಗುತ್ತಾರೆ ಅಂದಿದ್ದೀರಿ. ಶ್ರೀನಿವಾಸಪುರ ತಾಲ್ಲೂಕಿನ ನನ್ನ ನಲಿಕಲಿ (ಚಟುವಟಿಕೆಯಿಂದ ಕಲಿಸುವ ಪದ್ಧತಿ) ಕೋಣೆಯೂ ಥೇಟ್ ಹೀಗೇ ಇತ್ತು. ಹೊಸ ಪುಸ್ತಕ ತರಿಸಬೇಡಿ. ಅದೂ ಹೀಗೇ ಆಗುತ್ತೆ.

ನಾನು ಕೆಡಿಸಿದ್ದು ಒಂದೇ ಮಾತಿನಿಂದ. ಬಕೆಟ್ಟಿನೊಳಗೆ ಕೂತ ಆನೆಯ ಚಿತ್ರ. ಅಂಚಿನ ಮೇಲೆ ಸೊಂಡಿಲು, ಎರಡು ಕಣ್ಣು, ಅಷ್ಟೇ. ಒಬ್ಬ ಹುಡುಗಿ ಮನೆ ಮಾತಾದ ತೆಲುಗಿನಲ್ಲಿ "ವಾಳ್ಳಮ್ಮ ತಿಟ್ಟಿಂದಿ, ಅಂದುಕೇ ದಾಕ್ಕುಂದಿ" ಅಂದಳು. ಅಮ್ಮ ಬೈದಿದ್ದಾಳೆ, ಅದಕ್ಕೇ ಅವಿತುಕೊಂಡಿದೆ. ನಾನು "ಕನ್ನಡದಲ್ಲಿ ಹೇಳು" ಅಂದೆ. ಸಾಲದ್ದಕ್ಕೆ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, "ಅಲ್ಲಮ್ಮ, ಆನೆಗೆ ಸೆಕೆ ಅಂತ ಬರೆದಿದೆ ನೋಡು" ಅಂದೆ. ಮನೆ ಮಾತು ಇಲ್ಲಿ ನಡೆಯಲ್ಲ, ಉತ್ತರ ಚಿತ್ರದಲ್ಲಿಲ್ಲ, ಅಕ್ಷರದಲ್ಲಿದೆ: ಎರಡೂ ಪಾಠ ಒಂದೇ ಉಸಿರಲ್ಲಿ ಆಗಿಹೋಯಿತು. ಕಾಗುಣಿತ ಇನ್ನೂ ಕೂಡಿಸಲು ಬಾರದ ಮಗುವಿಗೆ ಉತ್ತರ ಅಕ್ಷರದಲ್ಲಿದೆ ಅಂದರೆ ಮೇಷ್ಟರ ಹತ್ತಿರ ಇದೆ ಅಂತಲೇ ಅರ್ಥ. ಮರುದಿನದಿಂದ ಕಣ್ಣೆಲ್ಲ ನನ್ನ ಮುಖದ ಮೇಲೆ, ಪುಟದ ಕಡೆ ಒಬ್ಬರೂ ಇಲ್ಲ. ದಸರಾ ರಜೆ ಮುಗಿಯುವ ತನಕ ಹಾಗೇ. ಆಮೇಲೆ ನೋಡಿದರೆ ಅವಳೇ ಸರಿಯಾಗಿ ಓದಿದ್ದಳು. ಸೆಕೆಗೆ ನೀರಲ್ಲಿ ಕೂತವರು ಕಣ್ಣು ಮುಚ್ಚಿ ಹಾಯಾಗಿರುತ್ತಾರೆ. ಈ ಆನೆ ಇಣುಕುತ್ತಿತ್ತು. ನಾನು ಸಾಲು ಓದಿದ್ದೆ, ಚಿತ್ರ ನೋಡಿರಲೇ ಇಲ್ಲ.

ಅದಕ್ಕೆ ಮೊದಲ ಕೆಲಸ, ಅಕ್ಷರ ಮುಚ್ಚಿ. ದಪ್ಪ ಕಾಗದದ 2 ಅಂಗುಲ ಅಗಲದ ಪಟ್ಟಿ, ಎರಡು ಕ್ಲಿಪ್ಪು ಸಾಕು. ಟೇಪು ಬೇಡ, ಕಿತ್ತರೆ ಬಣ್ಣವೂ ಎದ್ದು ಬರುತ್ತೆ. 12 ಮಕ್ಕಳಿಗಿಂತ ಹೆಚ್ಚು ಕೂರಿಸಬೇಡಿ, ಅರ್ಧಚಂದ್ರದಲ್ಲಿ, ಪುಸ್ತಕದಿಂದ 5 ಅಡಿಯೊಳಗೆ. ಉಳಿದವರು ಸ್ವಕಲಿಕೆ ತಟ್ಟೆಯಲ್ಲಿ, ಅಂದರೆ ತಾವೇ ಕಲಿಯುವ ಗುಂಪಿನಲ್ಲಿರಲಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಪುಟ ಕಪ್ಪಾಗಿ ಕಾಣುತ್ತೆ, ಮಕ್ಕಳ ಬೆನ್ನಿಗಿರಲಿ. ಲ್ಯಾಮಿನೇಷನ್ ಹಾಳೆಯಾದರೆ ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯಿರಿ, ಇಲ್ಲದಿದ್ದರೆ ಅರ್ಧ ಪುಟ ಬರೀ ಮಿಂಚು. ಮೊದಲ ಸಲ ಏನೂ ಹೇಳದೆ ಕೊನೆತನಕ ಪುಟ ತಿರುಗಿಸಿ.

ಎರಡನೇ ಸಲ ಪ್ರಶ್ನೆ. "ಇದೇನು, ಯಾವ ಬಣ್ಣ, ಎಷ್ಟಿದೆ" ಮೂರನ್ನೂ ಬಿಡಿ. ಒಂದೇ ಪದದ ಉತ್ತರ ಇರುವ ಪ್ರಶ್ನೆಗೇ ಮಕ್ಕಳು ಕೋರಸ್ ಹೊಡೆಯೋದು. ಅಬಿಗೈಲ್ ಹೌಸನ್, ಫಿಲಿಪ್ ಯೆನಾವಿನ್ ಎಂಬಿಬ್ಬರು ಅಮೆರಿಕದಲ್ಲಿ ಕಲಾಕೃತಿ ನೋಡಿಸಲು ರೂಪಿಸಿದ ಮೂರು ಪ್ರಶ್ನೆಗಳಿವೆ, ನಮ್ಮ ಬಾಯಿಗೆ ಹೀಗೆ ಬರುತ್ತವೆ: "ಇಲ್ಲಿ ಏನು ನಡೀತಿದೆ?" "ಏನು ನೋಡಿ ಹಾಗಂದೆ?" "ಇನ್ನೇನು ಕಾಣ್ತಿದೆ?" ಜೀವ ಇರೋದು ಎರಡನೆಯದರಲ್ಲಿ. ಆದರೆ ಗದರುವ ದನಿಯಲ್ಲಿ ಕೇಳಿದರೆ ಮಗು ತಾನು ತಪ್ಪು ಹೇಳಿದೆ ಅಂದುಕೊಂಡು ಮಾತು ಬದಲಿಸುತ್ತೆ.

ಕೇಳಿ ಸುಮ್ಮನಿರಿ. ಶಿಕ್ಷಕರು ಪ್ರಶ್ನೆ ಹಾಕಿ ಒಂದು ಸೆಕೆಂಡೂ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಮ್ಮ ಮಕ್ಕಳು ತೆಲುಗಿನಲ್ಲಿ ಯೋಚಿಸಿ ಕನ್ನಡಕ್ಕೆ ತರಬೇಕು, ಮನಸ್ಸಿನಲ್ಲೇ 6 ಎಣಿಸಿ. ತೆಲುಗಿನಲ್ಲೇ ಹೇಳಿದರೆ ತಿದ್ದಬೇಡಿ, ಅದನ್ನೇ ಕನ್ನಡದಲ್ಲಿ ತಿರುಗಿ ಅನ್ನಿ: "ಓ, ಅಮ್ಮ ಬೈದಳು ಅಂತ ಅವಿತುಕೊಂಡಿದೆಯಾ?" ಮುಂದಿನವರು ಆ ಪದ ತಾವೇ ಎತ್ತಿಕೊಳ್ಳುತ್ತಾರೆ. "ವೆರಿ ಗುಡ್" ಕೂಡ ಬೇಡ. ಒಬ್ಬನಿಗೆ ಅಂದರೆ ಉಳಿದ ಹನ್ನೊಂದು ಜನ ಅದೇ ಉತ್ತರ ಒಪ್ಪಿಸುತ್ತಾರೆ. ನೀತಿ ಏನು ಅಂತಂತೂ ಕೇಳಲೇಬೇಡಿ.

ಕೈ ಎತ್ತಿಸುವ ಪದ್ಧತಿ ನನಗಾಗದು. ಮುಂದೆ ಕೂತ ಮೂವರೇ ಎತ್ತುತ್ತಾರೆ. ತೊಳೆದು ಒಣಗಿಸಿದ ಒಂದು ಮಾವಿನ ಓಟೆ ಕೈಯಿಂದ ಕೈಗೆ ಹೋಗುತ್ತೆ, ಯಾರ ಕೈಲಿದೆಯೋ ಅವರ ಮಾತು, ಬೇಡವಾದರೆ ಮುಂದಕ್ಕೆ ದಾಟಿಸಬಹುದು. (ಅದಕ್ಕೂ ಕಣ್ಣು, ಮೀಸೆ ಬರೆದಿದ್ದಾರೆ.)

ಪುಸ್ತಕವೇ ಇಲ್ಲ ಅನ್ನುವಂತಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಕಪ್ಪುಬಿಳುಪು ಜೆರಾಕ್ಸ್ ಮಾತ್ರ ಮಾಡಿಸಬೇಡಿ, ಹಸಿರೂ ಕೆಂಪೂ ಒಂದೇ ಬೂದಿ ಬಣ್ಣಕ್ಕೆ ಬಂದು ಎಲೆಯಲ್ಲಿ ಅಡಗಿದ ಗಿಳಿ ಮಾಯವಾಗುತ್ತೆ. ಎಂಟೇ ಪುಟ ಸಾಕು, ಎ3 ಅಳತೆಯಲ್ಲಿ ಬಣ್ಣದ್ದು.

ಒಂದೇ ಪುಸ್ತಕ ಮೂರು ದಿನ ನಡೆಸಿ. ಮೂರನೇ ದಿನ ಮಕ್ಕಳು ಹೇಳಿದ ಸಾಲನ್ನು ಮುಚ್ಚಿದ ಪಟ್ಟಿಯ ಮೇಲೆ ಬರೆದು ಅವರಿಂದಲೇ ಓದಿಸಿ, ಆಮೇಲೆ ಪಟ್ಟಿ ತೆಗೆದು ಅಚ್ಚಾದ ಸಾಲು ಓದಿ. "ಇದು ಚೆನ್ನಾಗಿಲ್ಲ, ನಮ್ಮದೇ ಇರಲಿ" ಅಂದರೆ ಪಟ್ಟಿಯನ್ನು ಮತ್ತೆ ಸಿಕ್ಕಿಸಿ. ಬರೆಯುವುದು ಪೆನ್ಸಿಲ್‌ನಲ್ಲಿರಲಿ, ಸೋಮವಾರ ಬಂದು ಆನೆ ಅವಿತದ್ದಕ್ಕೆ ಬೇರೆ ಕಾರಣ ಹೇಳುತ್ತಾರೆ.